ಬರದ ವರ್ಷದಲ್ಲಿ ಪುರಸಭೆ: ಮೊದಲು ಯಾವುದು, ಆಮೇಲೆ ಯಾವುದು

ಪ್ರಶ್ನೆ: ನಾನು ಬಯಲುಸೀಮೆಯ ಒಂದು ಪುರಸಭೆಯ ಅಧ್ಯಕ್ಷೆ. ಸದಸ್ಯೆಯಾಗಿರುವುದೂ ಇದೇ ಮೊದಲು. ನಮ್ಮದು 23 ವಾರ್ಡುಗಳ, ಸುಮಾರು 42 ಸಾವಿರ ಜನಸಂಖ್ಯೆಯ ಊರು. ಈ ಸಲ ಮಳೆ ಕೈಕೊಟ್ಟಿದ್ದು, ಊರಿಗೆ ನೀರು ಕೊಡುವ ಕೆರೆ ನವೆಂಬರ್‌ನಲ್ಲೇ ಅರ್ಧಕ್ಕಿಂತ ಕೆಳಗಿಳಿದಿದೆ. ಆಸ್ತಿ ತೆರಿಗೆ ಅರ್ಧದಷ್ಟೂ ವಸೂಲಾಗಿಲ್ಲ. ಹೊರಗುತ್ತಿಗೆಯ ಚಾಲಕರಿಗೆ ಮತ್ತು ನೀರುಗಂಟಿಗಳಿಗೆ ಮೂರು ತಿಂಗಳ ಸಂಬಳ ಬಾಕಿಯಿದೆ. ವಿದ್ಯುತ್ ಕಂಪನಿಯಿಂದ ನೋಟಿಸ್ ಬಂದಿದೆ. ಇದರ ನಡುವೆ ಸದಸ್ಯರು ವಾರ್ಡಿಗೆ ತಲಾ ಹತ್ತು ಲಕ್ಷ ರೂಪಾಯಿಯ ಕಾಮಗಾರಿ ಕೇಳುತ್ತಿದ್ದಾರೆ. ಮುಂದಿನ ಮಳೆಗಾಲದವರೆಗೆ ಊರನ್ನು ದಾಟಿಸಲು ಎಲ್ಲಿಂದ ಆರಂಭಿಸಬೇಕು?

ಉತ್ತರ: ಮಾನ್ಯ ಅಧ್ಯಕ್ಷರೇ, ತಮ್ಮ ಪತ್ರದಲ್ಲಿ ಐದು ತೊಂದರೆಗಳಿವೆ, ಆದರೆ ಐದಕ್ಕೂ ಬೇರು ಒಂದೇ ಎಂದು ನನಗೆ ತೋರುತ್ತದೆ. ಸಣ್ಣ ಊರುಗಳಲ್ಲಿ ಮುಖ್ಯಾಧಿಕಾರಿಯಾಗಿ ಕೆಲಸ ಮಾಡಿದ ಅವಧಿಯಲ್ಲಿ ನಾನು ಒಂದಕ್ಕಿಂತ ಹೆಚ್ಚು ಬರಗಳನ್ನು ಕಂಡಿದ್ದೇನೆ. ಆ ವರ್ಷಗಳಲ್ಲಿ ಹೆಚ್ಚು ನರಳಿದವು ತೀರಾ ಬಡ ಪುರಸಭೆಗಳೇನಲ್ಲ. ಅಳುವ ಮಗುವಿಗೆ ಹಾಲು ಎಂಬ ನ್ಯಾಯದಲ್ಲಿ, ಯಾರು ಹೆಚ್ಚು ಗದ್ದಲ ಮಾಡಿದರೋ ಅವರಿಗೆ ಮೊದಲು ಹಣ ಕೊಟ್ಟು, ಯಾರು ಬಾಗಿಲಿಗೆ ಬಂದು ಕೂತರೋ ಅವರ ಬೀದಿಗೆ ಮೊದಲು ನೀರು ಬಿಟ್ಟು, ಮಾರ್ಚ್ ಬರುವ ಹೊತ್ತಿಗೆ ಯಾವುದನ್ನು ತಡೆದುಕೊಳ್ಳಲು ಸಾಧ್ಯವೇ ಇಲ್ಲವೋ ಅದಕ್ಕೆ ಏನೂ ಉಳಿಸಿಕೊಳ್ಳದ ಪುರಸಭೆಗಳು ನರಳಿದವು. ಆದ್ದರಿಂದ ತಾವು ಈಗ ಮಾಡಬೇಕಾದ ಕೆಲಸ ಸರದಿ ನಿರ್ಧರಿಸುವುದು. ಹಣಕ್ಕೂ ನೀರಿಗೂ ಕಾಮಗಾರಿಗೂ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಈ ವರ್ಷ ಇಲ್ಲವೇ ಇಲ್ಲ ಎಂಬುದನ್ನು ಡಿಸೆಂಬರ್ ಮುಗಿಯುವುದರೊಳಗೆ ಸಾಮಾನ್ಯ ಸಭೆಯಲ್ಲಿ ಚರ್ಚಿಸಿ, ನಡವಳಿಯಲ್ಲಿ ಬರೆಯಿಸಿಬಿಡಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ವ್ಯವಸ್ಥೆಯಲ್ಲಿ ದೈನಂದಿನ ಆಡಳಿತ ಮತ್ತು ಸಿಬ್ಬಂದಿಯ ಮೇಲ್ವಿಚಾರಣೆ ಮುಖ್ಯಾಧಿಕಾರಿಯ ಹೊಣೆ. ಬಜೆಟ್ಟಿಗೆ ಒಪ್ಪಿಗೆ ಕೊಡುವುದು, ಆದ್ಯತೆ ಗೊತ್ತುಮಾಡುವುದು, ಸಭೆಯನ್ನು ನಡೆಸುವುದು ಅಧ್ಯಕ್ಷರ ಮತ್ತು ಸದಸ್ಯರ ಹೊಣೆ. ಬರದ ವರ್ಷದಲ್ಲಿ ಈ ಇಬ್ಬರ ನಡುವೆ ಮಾತು ನಿಂತರೆ ಊರು ಎರಡು ಪಟ್ಟು ಕಷ್ಟಪಡುತ್ತದೆ. ಪ್ರತಿ ಸೋಮವಾರ ಬೆಳಿಗ್ಗೆ ಮುಖ್ಯಾಧಿಕಾರಿ, ಲೆಕ್ಕಿಗರು, ಎಂಜಿನಿಯರ್, ಆರೋಗ್ಯ ನಿರೀಕ್ಷಕರು ಮತ್ತು ಕಂದಾಯ ವಿಭಾಗದವರೊಂದಿಗೆ ಅರ್ಧ ಗಂಟೆ ಕುಳಿತುಕೊಳ್ಳುವ ಪದ್ಧತಿಯನ್ನು ಈ ವಾರವೇ ಆರಂಭಿಸಿ. ಅಲ್ಲಿ ಭಾಷಣ ಬೇಡ, ಮೂರು ಅಂಕಿಗಳು ಸಾಕು: ಕೆರೆಯ ಮಟ್ಟ ಎಷ್ಟು ಇಳಿಯಿತು, ಬ್ಯಾಂಕಿನಲ್ಲಿ ಎಷ್ಟಿದೆ, ಕಳೆದ ವಾರ ಎಷ್ಟು ವಸೂಲಾಯಿತು.

ಬ್ಯಾಂಕಿನಲ್ಲಿ ಎಷ್ಟಿದೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಪಡೆಯುವುದು ಕೇಳಿದಷ್ಟು ಸುಲಭವಲ್ಲ. ಬಜೆಟ್ ಪುಸ್ತಕದಲ್ಲಿ ತೋರಿಸಿದ ಆದಾಯ ಒಂದು, ಖಾತೆಯಲ್ಲಿರುವ ಮೊತ್ತ ಇನ್ನೊಂದು, ಆ ಮೊತ್ತದಲ್ಲಿ ತಾವು ನಿಜವಾಗಿ ಮುಟ್ಟಬಹುದಾದದ್ದು ಮತ್ತೊಂದು. ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ವೇತನಕ್ಕೆ ಬರುವುದು ಬೇರೆ, ವಿದ್ಯುತ್ತಿಗೆ ಬರುವುದು ಬೇರೆ, ಮುಕ್ತನಿಧಿ ಎಂದು ಬರುವುದು ಬೇರೆ. 2021-22ರಿಂದ 2025-26ರ ಅವಧಿಗೆ ಬಂದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ತಮ್ಮಂತಹ ಊರುಗಳಿಗೆ ಶೇ 60ರಷ್ಟು ನಿರ್ಬಂಧಿತ ಹಣ. ಅದರ ಅರ್ಧ ಕುಡಿಯುವ ನೀರಿಗೆ, ಇನ್ನರ್ಧ ನೈರ್ಮಲ್ಯಕ್ಕೆ ಮೀಸಲು. ಉಳಿದ ಶೇ 40 ಮುಕ್ತ ಎನಿಸಿಕೊಂಡರೂ ಅದನ್ನು ಸಂಬಳ ಮತ್ತು ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿಲ್ಲ. ಆ ಅನುದಾನದ ನೀರಿನ ಭಾಗದಲ್ಲಿ ಖರ್ಚಾಗದೆ ಉಳಿದದ್ದೇನಾದರೂ ಇದೆಯೇ ಎಂದು ಮೊದಲು ವಿಚಾರಿಸಿ. ಹಲವು ಪುರಸಭೆಗಳಲ್ಲಿ ಕ್ರಿಯಾ ಯೋಜನೆಗೆ ಮಂಜೂರಾತಿ ಸಿಕ್ಕಿಲ್ಲವೆಂಬ ಒಂದೇ ಕಾರಣಕ್ಕೆ ಅಂತಹ ಹಣ ಸುಮ್ಮನೆ ಮಲಗಿರುತ್ತದೆ. ಇನ್ನು ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರ, ಭಿಕ್ಷುಕರ ಕರ, ಆರೋಗ್ಯ ಕರ ಇವು ತಮ್ಮ ಪೆಟ್ಟಿಗೆಯ ಮೂಲಕ ಹಾದುಹೋಗುವ ಬೇರೆಯವರ ಹಣ. ಗುತ್ತಿಗೆದಾರರ ಟೆಂಡರ್ ಮುಂಗಡ ಠೇವಣಿ (ಇಎಂಡಿ) ಮತ್ತು ಭದ್ರತಾ ಠೇವಣಿಯೂ ಹಾಗೆಯೇ.

ಈ ಕೊನೆಯ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಸೇವೆಯ ಆರಂಭದ ವರ್ಷಗಳಲ್ಲಿ, ಹೆಸರು ಹೇಳಲು ಇಚ್ಛಿಸದ ಒಂದು ಪಟ್ಟಣದಲ್ಲಿ, ಟ್ಯಾಂಕರಿನವರು ನೀರು ನಿಲ್ಲಿಸುತ್ತೇವೆಂದು ಹೆದರಿಸಿದಾಗ ಠೇವಣಿ ಖಾತೆಯಿಂದ ಹಣ ತೆಗೆದು ಅವರಿಗೆ ಪಾವತಿಸಿದೆ. ಅನುದಾನ ಬಂದೊಡನೆ ತುಂಬಿಬಿಡಬಹುದೆಂದು ಎಣಿಸಿದ್ದೆ. ಅನುದಾನ ಬಂತು, ಆದರೆ ಅದಕ್ಕೆ ಬೇರೆ ಬೇಡಿಕೆಗಳು ಕಾದು ಕುಳಿತಿದ್ದವು. ಕಾಮಗಾರಿ ಮುಗಿಸಿದ ಗುತ್ತಿಗೆದಾರರು ಠೇವಣಿ ಹಿಂದಿರುಗಿಸಿ ಎಂದು ಬಂದಾಗ ಖಾತೆಯಲ್ಲಿ ಹಣವಿರಲಿಲ್ಲ. ಆ ಲೆಕ್ಕಪರಿಶೋಧನೆಯ ಆಕ್ಷೇಪಣೆ ಎರಡು ವರ್ಗಾವಣೆಗಳವರೆಗೆ ನನ್ನ ಬೆನ್ನ ಹಿಂದೆಯೇ ಬಂತು, ಮತ್ತು ಬಂದದ್ದು ನ್ಯಾಯವಾಗಿಯೇ ಇತ್ತು.

ಆದ್ದರಿಂದ ಲೆಕ್ಕಿಗರಿಂದ ಒಂದೇ ಹಾಳೆಯ ತಖ್ತೆ ಮಾಡಿಸಿ. ಮೇಲ್ಗಡೆ ಡಿಸೆಂಬರಿನಿಂದ ಜುಲೈವರೆಗಿನ ತಿಂಗಳುಗಳು, ಎಡಗಡೆ ಬರಬಹುದಾದ ಮತ್ತು ಕೊಡಲೇಬೇಕಾದ ಹಣದ ಬಾಬತ್ತುಗಳು. ಬರಬಹುದಾದದ್ದನ್ನು ಬರೆಯುವಾಗ ಕಳೆದ ಮೂರು ವರ್ಷ ಆಯಾ ತಿಂಗಳಲ್ಲಿ ನಿಜವಾಗಿ ಬಂದದ್ದರಲ್ಲಿ ಅತಿ ಕಡಿಮೆಯನ್ನೇ ಹಿಡಿಯಿರಿ. ಸಚಿವರು ಭರವಸೆ ಕೊಟ್ಟ ವಿಶೇಷ ಅನುದಾನವನ್ನು ಆದೇಶದ ಪ್ರತಿ ಕೈಸೇರುವವರೆಗೆ ಈ ತಖ್ತೆಗೆ ಸೇರಿಸಬೇಡಿ. ಸ್ವಂತ ಆದಾಯ ತಳಕ್ಕೆ ಮುಟ್ಟುವ ತಿಂಗಳು ಯಾವುದು ಎಂಬುದು ಈ ಹಾಳೆಯಲ್ಲಿ ಕಣ್ಣಿಗೆ ಬೀಳುತ್ತದೆ. ಬಹುತೇಕ ಊರುಗಳಲ್ಲಿ ಅದು ಜನವರಿ ಅಥವಾ ಫೆಬ್ರುವರಿ. ಆ ತಿಂಗಳಿಗೆ ಬೇಕಾದ ಹಣವನ್ನು ಈಗಲೇ ಎತ್ತಿಟ್ಟುಕೊಳ್ಳಬೇಕು.

ಕೊಡುವ ಸರದಿಯಲ್ಲಿ ಮೊದಲ ಸಾಲು ಸಂಬಳದ್ದು, ಅದರಲ್ಲೂ ಹೊರಗುತ್ತಿಗೆಯವರದ್ದು. ಕಾಯಂ ನೌಕರರ ವೇತನ ತಡವಾದರೂ ಬರುತ್ತದೆ. ಚಾಲಕ, ಲೋಡರ್, ನೀರುಗಂಟಿ ಇವರ ಸಂಬಳ ಮಾತ್ರ ಏಜೆನ್ಸಿಯ ಬಿಲ್ಲು, ಪುರಸಭೆಯ ಕಡತ, ಬ್ಯಾಂಕು ಈ ಮೂರರ ನಡುವೆ ಸಿಕ್ಕಿಕೊಳ್ಳುತ್ತದೆ. ಊರಿನಲ್ಲಿ ಯಾವ ವಾಲ್ವ್ ಎಷ್ಟು ಸುತ್ತು ತಿರುಗಿಸಿದರೆ ಯಾವ ಬೀದಿಗೆ ನೀರು ಏರುತ್ತದೆ ಎಂಬ ತಿಳಿವಳಿಕೆ ಯಾವ ನಕ್ಷೆಯಲ್ಲೂ ಇಲ್ಲ, ನೀರುಗಂಟಿಯ ಕೈಯಲ್ಲಿದೆ. ಮೂರು ತಿಂಗಳು ಸಂಬಳವಿಲ್ಲದ ನೀರುಗಂಟಿಗೆ, ರಾತ್ರಿ ಎರಡು ಗಂಟೆಗೆ ವಾಲ್ವ್ ತಿರುಗಿಸಲು ಬೀದಿಯವರು ಐನೂರು ರೂಪಾಯಿ ಕೊಡಲು ಸಿದ್ಧರಿರುವಾಗ, ಸರದಿ ಪಾಲಿಸು ಎಂದು ಹೇಳುವ ನೈತಿಕ ಹಕ್ಕು ನಮಗಿರುವುದಿಲ್ಲ. ಒಮ್ಮೆಗೇ ಮೂರು ತಿಂಗಳ ಬಾಕಿ ತೀರಿಸಲು ಆಗದಿದ್ದರೆ, ಚಾಲ್ತಿ ತಿಂಗಳ ಸಂಬಳವನ್ನು ತಪ್ಪದೆ ಕೊಟ್ಟು ಹಳೆಯದನ್ನು ತಿಂಗಳಿಗೆ ಅರ್ಧರ್ಧ ಸೇರಿಸಿ ತೀರಿಸುವ ಲಿಖಿತ ಒಪ್ಪಂದ ಮಾಡಿಕೊಳ್ಳಿ. ಅವರ ಭವಿಷ್ಯನಿಧಿ ಮತ್ತು ಇಎಸ್‌ಐ ಕಂತನ್ನು ಏಜೆನ್ಸಿಯವರು ಕಟ್ಟಿದ್ದಾರೆಯೇ ಎಂಬುದನ್ನು ಚಲನ್ ನೋಡಿಯೇ ಖಚಿತಪಡಿಸಿಕೊಳ್ಳಿ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಉದ್ಯೋಗದಾತನ ಮೇಲೆ ಹೊಣೆ ಬರುತ್ತದೆ. ಇಲ್ಲಿ ಮೂಲ ಉದ್ಯೋಗದಾತ ಪುರಸಭೆಯೇ.

ಈಗ ನೀರಿನ ವಿಷಯ. ಇದರ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಬರೆಯಬೇಕಾಗಿದೆ.

ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್, ಇಲ್ಲದ ಊರಿಗೆ 70 ಲೀಟರ್ ಎಂಬುದು ಎಂಜಿನಿಯರುಗಳು ಬಳಸುವ ಮಾನದಂಡ. 42 ಸಾವಿರ ಜನರಿಗೆ 135ರಂತೆ ದಿನಕ್ಕೆ 56.7 ಲಕ್ಷ ಲೀಟರ್ ಬೇಕು, 70ರಂತೆ 29.4 ಲಕ್ಷ ಲೀಟರ್. ಬರದಲ್ಲಿ 70ನ್ನೇ ಗುರಿಯಾಗಿ ಇಟ್ಟುಕೊಂಡರೂ ನವೆಂಬರಿನಿಂದ ಜೂನ್ ಕೊನೆಯವರೆಗಿನ 240 ದಿನಕ್ಕೆ ಸುಮಾರು 70 ಕೋಟಿ ಲೀಟರ್, ಅಂದರೆ 25 ಎಂಸಿಎಫ್‌ಟಿ (ದಶಲಕ್ಷ ಘನ ಅಡಿ) ಬೇಕಾಗುತ್ತದೆ. ಕೆರೆಯಲ್ಲಿ ಎಷ್ಟಿದೆ ಎಂದು ಎಂಜಿನಿಯರನ್ನು ಕೇಳುವಾಗ ಎರಡು ಉಪಪ್ರಶ್ನೆಗಳನ್ನು ಸೇರಿಸಿ ಕೇಳಿ. ಒಂದನೆಯದು, ಕೆರೆಯಿಂದ ನೀರೆತ್ತುವ ಬಾವಿಯಾದ ಜಾಕ್‌ವೆಲ್‌ಗೆ ಎಟುಕದ ತಳದ ನೀರೆಷ್ಟು. ಎರಡನೆಯದು, ಬಿಸಿಲಿಗೆ ಹೋಗುವ ನೀರೆಷ್ಟು. ನೂರು ಎಕರೆ ಹರಡಿಕೊಂಡ ಕೆರೆಯಿಂದ ಬೇಸಿಗೆಯಲ್ಲಿ ದಿನಕ್ಕೆ ಆರು ಮಿಲಿಮೀಟರ್ ಆವಿಯಾದರೆ ಅದು 24 ಲಕ್ಷ ಲೀಟರ್ ಆಗುತ್ತದೆ. ಹೆಚ್ಚುಕಡಿಮೆ ಊರು ಕುಡಿಯುವಷ್ಟನ್ನೇ ಸೂರ್ಯನೂ ಕುಡಿಯುತ್ತಾನೆ. ಆದ್ದರಿಂದ ಎಂಟು ತಿಂಗಳಿಗೆ ಸಾಕು ಎಂದು ಕಾಣುವ ನೀರು ನಿಜದಲ್ಲಿ ಐದು ತಿಂಗಳಿಗೂ ಬಾರದೆ ಹೋಗಬಹುದು. ಕೊಳವೆಬಾವಿಗಳನ್ನು ಬೇಸಿಗೆಗೆಂದು ಮುಚ್ಚಿಟ್ಟುಕೊಂಡು ಈಗ ಪೂರ್ತಿ ಕೆರೆಯನ್ನೇ ಖಾಲಿ ಮಾಡಬೇಕೆ, ಅಥವಾ ಈಗಿನಿಂದಲೇ ಎರಡನ್ನೂ ಬೆರೆಸಿ ನಡೆಸಬೇಕೆ ಎಂಬ ತೀರ್ಮಾನ ಈ ಲೆಕ್ಕದ ಮೇಲೆ ನಿಂತಿದೆ. ಕೆರೆ ಹೇಗೂ ಆವಿಯಾಗುವುದರಿಂದ ಮೊದಲು ಕೆರೆಯ ನೀರನ್ನು ಬಳಸಿ ನೆಲದ ನೀರನ್ನು ಉಳಿಸುವುದೇ ಸಾಮಾನ್ಯವಾಗಿ ಲಾಭ. ಆದರೆ ಕೊಳವೆಬಾವಿಯ ಮೋಟಾರು, ಪೈಪು, ವಿದ್ಯುತ್ ಸಂಪರ್ಕ ಎಲ್ಲವೂ ಫೆಬ್ರುವರಿಯೊಳಗೆ ಪರೀಕ್ಷೆಯಾಗಿ ಸಿದ್ಧವಿದ್ದರೆ ಮಾತ್ರ ಆ ಮಾತು.

ಟ್ಯಾಂಕರ್ ತರಿಸೋಣ ಎಂಬ ಸಲಹೆ ಸಭೆಯಲ್ಲಿ ಮೊದಲು ಬರುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ 29.4 ಲಕ್ಷ ಲೀಟರ್ ತರಬೇಕಾದರೆ ದಿನಕ್ಕೆ 588 ಟ್ರಿಪ್ ಬೇಕು. ಟ್ರಿಪ್ಪಿಗೆ 600 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ ಒಂದು ಕೋಟಿ ದಾಟುತ್ತದೆ. ಟ್ಯಾಂಕರ್ ಎಂದಿಗೂ ಊರಿನ ನಲ್ಲಿಗೆ ಬದಲಿಯಾಗಲಾರದು. ಎತ್ತರದ ಬಡಾವಣೆ, ಪೈಪು ತಲುಪದ ಕೊನೆಯ ಓಣಿ, ಆಸ್ಪತ್ರೆ, ಹಾಸ್ಟೆಲು ಇಂತಹ ಕಡೆಗೆ ಅದನ್ನು ಕಾದಿರಿಸಬೇಕು. ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಬಿಡುವ 30 ಲಕ್ಷ ಲೀಟರಿನಲ್ಲಿ ಶೇ 30 ಸೋರಿಹೋಗುತ್ತಿದ್ದರೆ ಅದು ದಿನಕ್ಕೆ 180 ಟ್ಯಾಂಕರ್. ಹಳೆಯ ಪೈಪಿನ ಊರುಗಳಲ್ಲಿ ಇದು ಅಪರೂಪದ ಪ್ರಮಾಣವಲ್ಲ. ಎರಡು ಪ್ಲಂಬರ್ ತಂಡಗಳನ್ನು ಸೋರಿಕೆ ಮುಚ್ಚುವುದಕ್ಕೇ ಮೀಸಲಿಟ್ಟು, ದೂರು ಬಂದ ಒಂದು ದಿನದೊಳಗೆ ದುರಸ್ತಿಯಾಗುವಂತೆ ನೋಡಿಕೊಂಡರೆ ಅದಕ್ಕಿಂತ ಅಗ್ಗದ ನೀರು ಇನ್ನೊಂದಿಲ್ಲ. ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯುವುದು, ಮುಖ್ಯ ಕೊಳವೆಮಾರ್ಗದ ಏರ್‌ವಾಲ್ವಿನಿಂದ ಹೊಲಕ್ಕೆ ನೀರು ಹೋಗುವುದು, ಸಾರ್ವಜನಿಕ ನಲ್ಲಿಗೆ ತಿರುಗಣೆ ಇಲ್ಲದಿರುವುದು ಇವುಗಳನ್ನು ಹುಡುಕಲು ಯಾವ ಸಲಹಾಸಂಸ್ಥೆಯೂ ಬೇಕಾಗಿಲ್ಲ, ಬೆಳಗಿನ ಐದು ಗಂಟೆಗೆ ಎದ್ದು ನಡೆದರೆ ಸಾಕು.

ಪೂರೈಕೆಯ ಸರದಿಯನ್ನು ವಾರ್ಡುವಾರು ದಿನ ಮತ್ತು ಗಂಟೆಯೊಂದಿಗೆ ಮುದ್ರಿಸಿ, ಕಚೇರಿಯ ಫಲಕದಲ್ಲಿ, ನ್ಯಾಯಬೆಲೆ ಅಂಗಡಿಗಳಲ್ಲಿ, ಕಸದ ಗಾಡಿಯ ಧ್ವನಿವರ್ಧಕದಲ್ಲಿ ತಿಳಿಸಿ. ನಾಲ್ಕು ದಿನಕ್ಕೊಮ್ಮೆ ಎಂದು ಹೇಳಿ ನಾಲ್ಕು ದಿನಕ್ಕೇ ಕೊಡುವುದು, ಎರಡು ದಿನಕ್ಕೊಮ್ಮೆ ಎಂದು ಹೇಳಿ ಮೂರೂವರೆ ದಿನಕ್ಕೆ ಕೊಡುವುದಕ್ಕಿಂತ ಉತ್ತಮ. ಯಾವಾಗ ಬರುತ್ತದೆಂದು ತಿಳಿಯದ ಮನೆಯವರು ಸಿಕ್ಕಿದಾಗಲೆಲ್ಲ ಕೊಡ, ಡ್ರಮ್ಮು, ಸಂಪು ತುಂಬಿಸಿ, ಮುಂದಿನ ಸಲ ಬಂದಾಗ ಹಳೆಯದನ್ನು ಚೆಲ್ಲಿ ಹೊಸದನ್ನು ತುಂಬುತ್ತಾರೆ. ಸರದಿಯ ಮೇಲೆ ನಂಬಿಕೆ ಹುಟ್ಟಿದರೆ ಆ ಚೆಲ್ಲಾಟ ತಾನಾಗಿ ಕಡಿಮೆಯಾಗುತ್ತದೆ. ಅಧ್ಯಕ್ಷರ ವಾರ್ಡಿಗೆ ಒಂದು ಗಂಟೆ ಹೆಚ್ಚು ನೀರು ಹೋಯಿತೆಂಬ ಮಾತು ಒಮ್ಮೆ ಹುಟ್ಟಿತೆಂದರೆ ಈ ನಂಬಿಕೆ ಮತ್ತೆ ಕೂಡಿಬರುವುದಿಲ್ಲ. ತಮ್ಮ ವಾರ್ಡನ್ನು ಸರದಿಯ ಕೊನೆಯಲ್ಲಿ ಇಟ್ಟುಕೊಳ್ಳಿ ಎಂದು ಹೇಳುವಷ್ಟು ಸ್ವಾತಂತ್ರ್ಯವನ್ನು ನನ್ನ ವಯಸ್ಸಿನ ಕಾರಣಕ್ಕೆ ತೆಗೆದುಕೊಳ್ಳುತ್ತೇನೆ.

ಮೂಲಗಳು ಸಾಲದಿದ್ದರೆ ಖಾಸಗಿ ಕೊಳವೆಬಾವಿಗಳನ್ನು ಬಾಡಿಗೆಗೆ ಪಡೆಯುವ ದಾರಿಯಿದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾಗಿದ್ದ 2023-24ರಲ್ಲಿ ಬಹಳ ಊರುಗಳು ಹೀಗೆಯೇ ಬೇಸಿಗೆ ಕಳೆದವು. ಆದರೆ ಮಾಲೀಕರೊಂದಿಗೆ ಮಾತು ಏಪ್ರಿಲ್‌ನಲ್ಲಿ ಆರಂಭವಾದರೆ ದರ ಅವರು ಹೇಳಿದ್ದೇ ಆಗುತ್ತದೆ. ಡಿಸೆಂಬರಿನಲ್ಲೇ ಇಳುವರಿ ಪರೀಕ್ಷಿಸಿ, ನೀರಿನ ಗುಣಮಟ್ಟ ನೋಡಿ, ಜಿಲ್ಲಾಡಳಿತ ಗೊತ್ತುಮಾಡಿದ ದರದಲ್ಲಿ ಒಪ್ಪಂದದ ಪತ್ರ ಸಿದ್ಧಮಾಡಿ, ಅಗತ್ಯ ಬಿದ್ದ ದಿನದಿಂದ ಬಾಡಿಗೆ ಆರಂಭ ಎಂಬ ಷರತ್ತು ಹಾಕಿ. ತಾಲ್ಲೂಕು ಬರಪೀಡಿತವೆಂದು ಘೋಷಣೆಯಾಗಿದ್ದರೆ ಶಾಸಕರ ಅಧ್ಯಕ್ಷತೆಯ ಟಾಸ್ಕ್‌ಫೋರ್ಸಿನ ಮುಂದೆ, ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳ ಮುಂದೆ ತಮ್ಮ ಪಟ್ಟಿ ಲಿಖಿತವಾಗಿ ಹೋಗಿರಬೇಕು. ನೈಸರ್ಗಿಕ ವಿಕೋಪ ಘೋಷಣೆಯಾದಾಗ 1999ರ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಅಧಿನಿಯಮದ 4(ಎ) ಕಲಂ ಟೆಂಡರಿನಿಂದ ವಿನಾಯಿತಿ ಕೊಡುತ್ತದೆ ನಿಜ. ಆದರೆ ಘೋಷಣೆಯ ಆದೇಶ ಕಡತದಲ್ಲಿಲ್ಲದೆ ಆ ಕಲಮನ್ನು ಬಳಸಿ, ಆಮೇಲೆ ಘಟನೋತ್ತರ ಮಂಜೂರಾತಿಗೆ ಓಡಾಡುವುದನ್ನು ನಾನು ಬಹಳ ಕಂಡಿದ್ದೇನೆ. ಹೊಸ ಕೊಳವೆಬಾವಿ ಕೊರೆಸುವುದನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳುವುದು ಲೇಸು. ಬರದಲ್ಲಿ ಕೊರೆಯುವ ಬಾವಿಗಳಲ್ಲಿ ಬತ್ತಿಹೋಗುವವೇ ಹೆಚ್ಚು, ಮತ್ತು ಆಳಕ್ಕೆ ಹೋದಷ್ಟೂ ನಮ್ಮ ಬಯಲುಸೀಮೆಯಲ್ಲಿ ಫ್ಲೋರೈಡ್ ಹೆಚ್ಚು.

ನೀರು ಸಾಲದಿರುವುದಕ್ಕಿಂತ ದೊಡ್ಡ ಅಪಾಯ ಕೆಟ್ಟ ನೀರು. 2022ರಲ್ಲಿ ರಾಯಚೂರಿನಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡದ್ದು ತಮಗೆ ನೆನಪಿರಬಹುದು. ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಪೈಪು ಉಳಿದ ಮೂರು ದಿನ ಬರಿದಾಗಿರುತ್ತದೆ. ಬರಿದಾದ ಪೈಪು ತನ್ನ ಬಿರುಕುಗಳಿಂದ ಸುತ್ತಲಿನ ಚರಂಡಿಯ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅಂದರೆ ಸರದಿಯ ಅಂತರ ಹೆಚ್ಚಿದಷ್ಟೂ ಕ್ಲೋರಿನ್ ಬಗ್ಗೆ ಎಚ್ಚರ ಹೆಚ್ಚಬೇಕು, ನಮ್ಮಲ್ಲಿ ಆಗುವುದು ಅದರ ತಿರುವುಮುರುವು. ಸಾಲಿನ ಕಟ್ಟಕಡೆಯ ನಲ್ಲಿಯಲ್ಲಿ ಪ್ರತಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂಬುದು ನಿಯಮ. ಕ್ಲೋರಿನ್ ಅಳೆಯುವ ಕ್ಲೋರೊಸ್ಕೋಪ್ ಕೈಯಲ್ಲಿ ಹಿಡಿದು ಆರೋಗ್ಯ ನಿರೀಕ್ಷಕರು ದಿನಕ್ಕೆ ಹತ್ತು ಕಡೆ ಪರೀಕ್ಷಿಸಿ ವಾರ್ಡುವಾರು ಪುಸ್ತಕದಲ್ಲಿ ಬರೆಯಲಿ, ಸೋಮವಾರದ ಸಭೆಗೆ ಆ ಪುಸ್ತಕ ಬರಲಿ. ಗೋದಾಮಿನಲ್ಲಿ ತೆರೆದ ಚೀಲದಲ್ಲಿ ಬಿದ್ದಿರುವ ಬ್ಲೀಚಿಂಗ್ ಪೌಡರ್ ತಿಂಗಳುಗಟ್ಟಲೆ ಕಳೆದಂತೆ ಸತ್ವ ಕಳೆದುಕೊಳ್ಳುತ್ತದೆ. ಬಿಳಿ ಪುಡಿ ಹಾಕಿದ್ದೇವೆ ಎಂಬುದೇ ಸಾಕ್ಷ್ಯವಾಗಲಾರದು. ಟ್ಯಾಂಕರಿನ ನೀರಿಗೂ ಬಾಡಿಗೆ ಬಾವಿಯ ನೀರಿಗೂ ಇದೇ ಪರೀಕ್ಷೆ.

ಜನರು ಸಾಮಾನ್ಯವಾಗಿ ನಿರೀಕ್ಷಿಸದ ಇನ್ನೊಂದು ತೊಂದರೆ ಒಳಚರಂಡಿಯದು. ತಮ್ಮ ಊರಿನಲ್ಲಿ ಒಳಚರಂಡಿ ಜಾಲ (ಯುಜಿಡಿ) ಇದ್ದರೆ, ಮನೆಗಳು ನೀರು ಕಡಿಮೆ ಬಳಸಿದಂತೆ ಕೊಳವೆಯೊಳಗೆ ಮಲ ಹರಿಯದೆ ಕಟ್ಟಿಕೊಳ್ಳುತ್ತದೆ, ಮಾರ್ಚ್–ಏಪ್ರಿಲ್‌ನಲ್ಲಿ ಮ್ಯಾನ್‌ಹೋಲುಗಳು ಉಕ್ಕತೊಡಗುತ್ತವೆ. ಆಗ ಯಾರೋ ಅವಸರಕ್ಕೆ ಒಬ್ಬ ಕೆಲಸಗಾರನನ್ನು ಒಳಗೆ ಇಳಿಸುತ್ತಾರೆ. ಅದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ, ಮತ್ತು ಅಲ್ಲಿ ಸಾವು ಸಂಭವಿಸಿದರೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಹಣದ ಮಾತು ಹಾಗಿರಲಿ, ಆ ಮನೆಯವರ ಮುಖ ನೋಡುವ ಸ್ಥಿತಿ ಯಾವ ಅಧ್ಯಕ್ಷರಿಗೂ ಬರಬಾರದು. ಕೊಳೆ ಹೀರುವ ಸಕ್ಕಿಂಗ್ ಮತ್ತು ನೀರಿನ ರಭಸದಿಂದ ಕಟ್ಟು ಬಿಡಿಸುವ ಜೆಟ್ಟಿಂಗ್ ಯಂತ್ರಗಳ ದುರಸ್ತಿಯನ್ನು ಈಗಲೇ ಮುಗಿಸಿ, ಜೆಟ್ಟಿಂಗಿಗೆ ಕುಡಿಯುವ ನೀರಿನ ಬದಲು ಶುದ್ಧೀಕರಣ ಘಟಕದಿಂದ ಹೊರಬರುವ ನೀರನ್ನು ಬಳಸುವ ವ್ಯವಸ್ಥೆ ಮಾಡಿ. ಯಾರನ್ನೂ ಇಳಿಸಕೂಡದೆಂಬ ಆದೇಶಕ್ಕೆ ಎಲ್ಲ ಮೇಸ್ತ್ರಿಗಳ ಸಹಿ ಪಡೆದಿಡಿ.

ವಿದ್ಯುತ್ತಿನ ನೋಟಿಸಿನ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಬಾಕಿಯಲ್ಲಿ ಎಷ್ಟು ಭಾಗ ಹಳೆಯ ಬಡ್ಡಿ, ಎಷ್ಟು ಭಾಗ ಅನುದಾನದಿಂದ ಕಂಪನಿಗೆ ನೇರವಾಗಿ ಹೋಗಿಯೂ ಲೆಕ್ಕಕ್ಕೆ ಹೊಂದಾಣಿಕೆಯಾಗದೆ ಉಳಿದದ್ದು ಎಂಬುದನ್ನು ಆರ್‌ಆರ್ ಸಂಖ್ಯೆವಾರು (ಪ್ರತಿ ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ) ತಾಳೆ ನೋಡಿಸಿ. ಮುಚ್ಚಿಹೋದ ಕೊಳವೆಬಾವಿಗಳ, ಕಿತ್ತುಹಾಕಿದ ಬೀದಿದೀಪಗಳ ಮೀಟರುಗಳಿಗೆ ಬಿಲ್ಲು ಬರುತ್ತಿರುವುದು ಪ್ರತಿ ಊರಿನಲ್ಲೂ ಇದ್ದದ್ದೇ. ಜಾಕ್‌ವೆಲ್‌ನ ಎಚ್‌ಟಿ (ಹೆಚ್ಚು ವೋಲ್ಟೇಜಿನ) ಸಂಪರ್ಕದಲ್ಲಿ ಪವರ್ ಫ್ಯಾಕ್ಟರ್, ಅಂದರೆ ಪಡೆದ ವಿದ್ಯುತ್ತಿನಲ್ಲಿ ನಿಜವಾದ ಕೆಲಸಕ್ಕೆ ಬಂದ ಪಾಲು, 0.90ಕ್ಕಿಂತ ಕೆಳಗಿದ್ದರೆ ತಿಂಗಳು ತಿಂಗಳು ದಂಡ ಬೀಳುತ್ತಿರುತ್ತದೆ. ಒಂದು ಕೆಪ್ಯಾಸಿಟರ್ ಪ್ಯಾನೆಲ್ ಸರಿಪಡಿಸಿದರೆ ಅದು ನಿಲ್ಲುತ್ತದೆ. ಇಷ್ಟನ್ನು ಕೈಯಲ್ಲಿ ಹಿಡಿದು ಕಾರ್ಯನಿರ್ವಾಹಕ ಎಂಜಿನಿಯರರ ಬಳಿ ಹೋಗಿ, ಚಾಲ್ತಿ ಬಿಲ್ಲನ್ನು ತಪ್ಪದೆ ಕಟ್ಟುವ ಮಾತು ಕೊಟ್ಟರೆ ನೀರಿನ ಪಂಪಿನ ಫ್ಯೂಸ್ ಕೀಳಲು ಯಾರೂ ಮುಂದಾಗುವುದಿಲ್ಲ.

ತೆರಿಗೆಯ ವಸೂಲಿಯಲ್ಲಿ ನಾವು ಸಾಮಾನ್ಯವಾಗಿ ಮಾಡುವ ತಪ್ಪು, ಕರವಸೂಲಿಗಾರರನ್ನು ಓಣಿ ಓಣಿಗೆ ಅಟ್ಟಿ ಮುನ್ನೂರು ರೂಪಾಯಿ ಬಾಕಿಯ ಮನೆಗಳ ಬಾಗಿಲು ತಟ್ಟಿಸುವುದು. ಬೇಡಿಕೆ–ವಸೂಲಿ–ಬಾಕಿ ತಖ್ತೆಯನ್ನು ಮೊತ್ತದ ಪ್ರಕಾರ ಇಳಿಕೆಯ ಕ್ರಮದಲ್ಲಿ ಜೋಡಿಸಿ ಮೊದಲ ನೂರು ಹೆಸರುಗಳನ್ನು ನೋಡಿ. ಕಲ್ಯಾಣಮಂಟಪ, ಪೆಟ್ರೋಲ್ ಬಂಕ್, ಅಕ್ಕಿ ಗಿರಣಿ, ಖಾಸಗಿ ಶಾಲೆ, ಲಾಡ್ಜು ಇವುಗಳೇ ಅಲ್ಲಿ ತುಂಬಿರುತ್ತವೆ, ಮತ್ತು ಒಂದಿಬ್ಬರು ಸದಸ್ಯರ ಸಂಬಂಧಿಕರೂ ಇರುತ್ತಾರೆ. ಆ ನೂರಕ್ಕೆ ಮುಖ್ಯಾಧಿಕಾರಿಯವರೇ ನೋಟಿಸ್ ಕೊಟ್ಟು, ದೊಡ್ಡ ವಾಣಿಜ್ಯ ಬಾಕಿದಾರರ ನಲ್ಲಿ ಸಂಪರ್ಕದ ಮೇಲೆ ಕ್ರಮ ಕೈಗೊಳ್ಳಲಿ, ಬಡವರ ಮನೆಯ ನಲ್ಲಿಯನ್ನು ಬರದಲ್ಲಿ ಮುಟ್ಟಬೇಡಿ. ಬಾಕಿದಾರರ ಮನೆಯ ಮುಂದೆ ತಮಟೆ ಬಾರಿಸುವ ಪದ್ಧತಿ ಕೆಲವೆಡೆ ಇದೆ. ಅದು ನನಗೆ ಹಿಡಿಸಿದ್ದಲ್ಲ, ಕಾನೂನಿನಲ್ಲಿ ಸಾಕಷ್ಟು ದಾರಿಗಳಿರುವಾಗ ಮರ್ಯಾದೆ ಕಳೆಯುವ ದಾರಿ ಬೇಕಿಲ್ಲ. ವಿದ್ಯುತ್ ಕಂಪನಿಯ ವಾಣಿಜ್ಯ ಸಂಪರ್ಕಗಳ ಪಟ್ಟಿಯನ್ನು ಆಸ್ತಿ ವಹಿಯೊಂದಿಗೆ ಹೋಲಿಸಿದರೆ, ಮನೆಯೆಂದು ತೆರಿಗೆ ಕಟ್ಟುತ್ತಾ ಅಂಗಡಿ ನಡೆಸುತ್ತಿರುವವರೂ ವಹಿಯಲ್ಲೇ ಇಲ್ಲದ ಕಟ್ಟಡಗಳೂ ಹೊರಬೀಳುತ್ತವೆ. ಪುರಸಭೆಯ ಮಳಿಗೆಗಳ ಬಾಡಿಗೆ ಬಾಕಿ, ಸರ್ಕಾರಿ ವಸತಿಗೃಹಗಳ ನೀರಿನ ಬಾಕಿ ಇವೂ ಆ ನೂರರ ಪಟ್ಟಿಗೆ ಸೇರಲಿ. ಏಪ್ರಿಲ್‌ನಲ್ಲಿ ಪೂರ್ತಿ ತೆರಿಗೆ ಕಟ್ಟಿದವರಿಗೆ ಶೇ 5 ರಿಯಾಯಿತಿ ಇರುವುದರಿಂದ, ನೀರಿನ ಕಷ್ಟ ತುದಿಗೇರುವ ಅದೇ ತಿಂಗಳು ಸ್ವಂತ ಹಣ ಹರಿದುಬರುವ ತಿಂಗಳೂ ಆಗಬಲ್ಲದು. ಮಾರ್ಚ್ ಕೊನೆಯ ವಾರದಲ್ಲೇ ಚಲನ್‌ಗಳು ಮನೆಬಾಗಿಲಿಗೆ ತಲುಪಿರಬೇಕು.

ಇನ್ನು ಸದಸ್ಯರ ಬೇಡಿಕೆ. 23 ವಾರ್ಡಿಗೆ ತಲಾ ಹತ್ತು ಲಕ್ಷವೆಂದರೆ 2.3 ಕೋಟಿ. ಸಮಪಾಲು ಎಂಬ ಮಾತು ಕೇಳಲು ನ್ಯಾಯವೆನಿಸಿದರೂ, ಎಲ್ಲ ಸೌಲಭ್ಯವಿರುವ ಪೇಟೆಬೀದಿಗೂ ಪೈಪೇ ಇಲ್ಲದ ಕಾಲೊನಿಗೂ ಒಂದೇ ಮೊತ್ತ ಕೊಡುವುದು ನ್ಯಾಯವಲ್ಲ. ಆದರೂ ಸದಸ್ಯರನ್ನು ದೂರುವುದು ನನ್ನ ಉದ್ದೇಶವಲ್ಲ. ಬೆಳಗಾದರೆ ಅವರ ಮನೆಯ ಮುಂದೆ ಕೊಡ ಹಿಡಿದು ನಿಲ್ಲುವವರಿಗೆ ಅವರು ಏನನ್ನಾದರೂ ತೋರಿಸಲೇಬೇಕು. ಅದಕ್ಕಾಗಿ ಒಂದು ದಾರಿ ಹೀಗಿದೆ: ಜೂನ್‌ವರೆಗೆ ಹೊಸ ರಸ್ತೆ, ಚರಂಡಿ, ಕಮಾನು ಕೈಗೆತ್ತಿಕೊಳ್ಳುವುದಿಲ್ಲ, ಆರಂಭವಾದವನ್ನು ಮಾತ್ರ ಮುಗಿಸಲಾಗುತ್ತದೆ ಎಂದು ಸಭೆಯಲ್ಲಿ ನಿರ್ಣಯಿಸಿ. ಅದೇ ನಿರ್ಣಯದಲ್ಲಿ, ಪ್ರತಿ ವಾರ್ಡಿನಲ್ಲಿ ಸೋರಿಕೆ ದುರಸ್ತಿ, ನಲ್ಲಿ, ಮಿನಿ ಟ್ಯಾಂಕ್, ಕೊಳವೆಬಾವಿಯ ಮೋಟಾರು ಇವುಗಳಲ್ಲಿ ಯಾವುದು ಮೊದಲು ಎಂಬುದನ್ನು ಆಯಾ ಸದಸ್ಯರೇ ಬರೆದುಕೊಡಲಿ ಎಂದು ಸೇರಿಸಿ, ಕೆಲಸ ಆರಂಭವಾದಾಗ ಅವರನ್ನೇ ಸ್ಥಳಕ್ಕೆ ಕರೆಯಿರಿ. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇ 24.10, ಇತರ ಬಡವರ್ಗದವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ಎತ್ತಿಡುವ ನಿಧಿಯನ್ನು ಮಾತ್ರ ಈ ನೆಪದಲ್ಲಿ ತಡೆಯಬೇಡಿ. ಬರ ಮೊದಲು ತಟ್ಟುವುದು ಅವರ ಮನೆಗಳಿಗೇ. ನಿರ್ಣಯಕ್ಕೆ ಮುಂಚೆ ವಿರೋಧ ಪಕ್ಷದ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಕರೆದು ನಗದು ತಖ್ತೆಯನ್ನು ತೋರಿಸಿ. ಹಾಳೆಯನ್ನು ಕಣ್ಣಾರೆ ಕಂಡವರು ಸಭೆಯಲ್ಲಿ ಕೂಗಾಡುವುದು ಕಡಿಮೆ.

ಕಡೆಯದಾಗಿ, ಕೆರೆಯ ತಳ ಕಾಣುವ ಏಪ್ರಿಲ್–ಮೇ ತಿಂಗಳುಗಳ ಬಗ್ಗೆ. 2016ರ ಏಪ್ರಿಲ್‌ನಲ್ಲಿ ಮಿರಜ್‌ನಿಂದ ಲಾತೂರಿಗೆ ರೈಲಿನಲ್ಲಿ ನೀರು ಸಾಗಿಸಬೇಕಾಯಿತು. ಅಂತಹ ದಿನಗಳಲ್ಲಿ ಎಲ್ಲರ ಕಣ್ಣು ಬರುವ ನೀರಿನ ಮೇಲೆ ನೆಟ್ಟಿರುತ್ತದೆ, ಒಣಗಿದ ಕೆರೆಯತ್ತ ಯಾರೂ ತಿರುಗಿ ನೋಡುವುದಿಲ್ಲ. ಹೂಳು ತೆಗೆಯಲು, ಒತ್ತುವರಿ ಅಳೆಯಲು, ಜಾಕ್‌ವೆಲ್‌ನ ಸುತ್ತ ಕಾಲುವೆ ತೋಡಲು ಆ ಎರಡು ತಿಂಗಳು ಬಿಟ್ಟರೆ ಬೇರೆ ಕಾಲವಿಲ್ಲ. ಭೂಮಾಪಕರಿಗೆ ತಹಶೀಲ್ದಾರರ ಮೂಲಕ ಫೆಬ್ರುವರಿಯಲ್ಲೇ ಪತ್ರ ಬರೆಯಿರಿ, ಹೂಳನ್ನು ಹೊಲಕ್ಕೆ ಒಯ್ಯಲು ಇಚ್ಛಿಸುವ ರೈತರ ಹೆಸರುಗಳನ್ನು ಮಾರ್ಚಿನಲ್ಲಿ ಬರೆದುಕೊಳ್ಳಿ. ಅವರೇ ಸಾಗಣೆ ನೋಡಿಕೊಂಡರೆ ಪುರಸಭೆಗೆ ಜೆಸಿಬಿಯ ಬಾಡಿಗೆ ಮಾತ್ರ ಬೀಳುತ್ತದೆ. ಕೆರೆಗೆ ನೀರು ತರುವ ಕಾಲುವೆಯ ಬಾಯಿಯಲ್ಲಿ ಕಟ್ಟಡದ ಅವಶೇಷ ಸುರಿದಿದ್ದರೆ ಮೇ 15ರೊಳಗೆ ತೆಗೆಸಿ, ತೂಬು ಮತ್ತು ಕೋಡಿಯ ದುರಸ್ತಿ ಮುಂಗಾರುಪೂರ್ವ ಮಳೆಗೆ ಮೊದಲು ಮುಗಿದಿದೆಯೇ ಎಂಬುದನ್ನು ತಾವೇ ಒಮ್ಮೆ ಏರಿಯ ಮೇಲೆ ನಡೆದು ನೋಡಿ.